ಮುಯ್ಯಿಯ ಗುರುವಾರ

ಸಂಕ್ರಾಂತಿ ಕಳೆದಿತ್ತು, ಚಳಿ ಮಾತ್ರ ಇನ್ನೂ ಹೊಲದ ಬದು ಬಿಟ್ಟು ಎದ್ದಿರಲಿಲ್ಲ. ಮಲ್ಲತ್ತಹಳ್ಳಿಯ ಹನುಮವ್ವನ ಅರ್ಧ ಎಕರೆಯಲ್ಲಿ ಅವರೆ ಬಲಿತು ತೂಗುತ್ತಿತ್ತು. ಇಬ್ಬನಿ ಕುಡಿದ ಕಾಯಿಯ ಸೊಗಡು ಬೆಳಗಿನ ಹೊತ್ತು ಸುತ್ತಲ ಬಡಾವಣೆಯ ಮೂರನೇ ಮಹಡಿಗೂ ಏರುತ್ತಿತ್ತು. ಅಲ್ಲಿ ಬಟ್ಟೆ ಒಣಹಾಕಲು ಬಂದವರು ಕೆಳಗೆ ಬಗ್ಗಿ, "ಅಜ್ಜೀ, ನಮಗೂ ಎರಡು ಕೇಜಿ ಎತ್ತಿಡಿ" ಎಂದು ಕೂಗುತ್ತಿದ್ದರು. ಹೊಲದ ಮೂರು ದಿಕ್ಕಿಗೆ ಮನೆಗಳೆದ್ದಿದ್ದವು. ನಾಲ್ಕನೆಯ ದಿಕ್ಕಿಗೆ ಜಲ್ಲಿ ಸುರಿದಿದ್ದರು. ನಡುವೆ ಉಳಿದಿದ್ದ ಆ ತುಂಡು ನೆಲ ಹನುಮವ್ವನಿಗೆ ಹೊಲ, ಮಗ ಕಾಂತರಾಜುವಿಗೆ ಸೈಟು, ಮೊಮ್ಮಗಳು ಸತ್ಯವತಿಗೆ ಆ ಭಾನುವಾರದ ಮಟ್ಟಿಗೆ ದೊಡ್ಡದೊಂದು ತೊಡಕು.

ಸತ್ಯ ಹತ್ತನೇ ತರಗತಿ. ಫೆಬ್ರವರಿ ಮೊದಲ ವಾರ ಪ್ರಿಪರೇಟರಿ ಪರೀಕ್ಷೆ. ಅದು ಮುಗಿದ ಮುಂದಿನ ಶನಿವಾರ ಮೈಸೂರು ರಸ್ತೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಹೈಸ್ಕೂಲು ಮಕ್ಕಳ ರೋಬೋಟ್ ಸ್ಪರ್ಧೆ. ಮಾರ್ಚ್ ಕೊನೆಗೆ ಎಸ್ಸೆಸ್ಸೆಲ್ಸಿ. ಮೂರೂ ಒಂದರ ಬೆನ್ನಿಗೊಂದು ಬಾಗಿಲಿಗೆ ಬಂದು ನಿಂತಿರುವಾಗ, ಅವುಗಳನ್ನೆಲ್ಲ ಸರಿಸಿಕೊಂಡು ಮುಂದೆ ಬಂದು ಕೂತಿತ್ತು ಅವರೆಕಾಯಿ. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಕಾಂತರಾಜು ಹೇಳಿಬಿಟ್ಟಿದ್ದ: "ಮೊದ್ಲು ಕಾಯಿ ಬಿಡಿಸಿ ಮುಗೀಲಿ. ಆಮೇಲೆ ಪುಸ್ತಕ. ಆಮೇಲೆ ಆ ನಿನ್ನ ಆಟದ ಸಾಮಾನು."

ಆಟದ ಸಾಮಾನೆಂದರೆ ರೋಬೋಟು. ಕೈಕಾಲು, ಮಾತು ಇರುವಂಥದ್ದೇನಲ್ಲ. ಅಂಗೈಗಿಂತ ತುಸು ದೊಡ್ಡದಾದ ಪ್ಲೈವುಡ್ ಹಲಗೆ. ಹಿಂದುಗಡೆ ಎರಡು ಪುಟ್ಟ ಮೋಟಾರು, ಆಟದ ಕಾರಿನಿಂದ ಕಿತ್ತ ಎರಡು ಚಕ್ರ. ಮುಂದುಗಡೆ ಉರುಳುವುದಕ್ಕೆ ಕಾಂತರಾಜುವಿನ ಖಾಲಿಯಾದ ರೋಲ್-ಆನ್ ಸೆಂಟಿನ ಗುಂಡು. ಹೀಗಾಗಿ ಅದು ಓಡಿದ ಕಡೆಯೆಲ್ಲ ಮದುವೆಮನೆಯ ವಾಸನೆ. ಹೊಟ್ಟೆಯಡಿ ಎಡಕ್ಕೊಂದು ಬಲಕ್ಕೊಂದು ಸೆನ್ಸರಿನ ಕಣ್ಣು. ಬಿಳಿಯ ಹಾಸಿನ ಮೇಲೆ ಕಪ್ಪು ಟೇಪಿನ ಗೆರೆ ಅಂಟಿಸಿರುತ್ತಾರೆ. ಆ ಗೆರೆ ನೋಡಿಕೊಂಡು ತಾನಾಗಿ ಅದು ಕೊನೆ ಮುಟ್ಟಬೇಕು. ಸ್ಪರ್ಧೆ ಅಷ್ಟೇ. ಆದರೆ ತನ್ನ ಕೈಯಲ್ಲಿ ಆದದ್ದು ಶಾಲೆಯ ಲ್ಯಾಬಿನಿಂದಾಚೆ, ಗೊತ್ತಿಲ್ಲದ ಜನರ ಮುಂದೆ ಓಡುವುದನ್ನು ಒಮ್ಮೆ ನೋಡಬೇಕು ಎನ್ನುವುದು ಸತ್ಯಳಿಗೆ ದಸರಾ ರಜೆಯಿಂದಲೂ ಹಿಡಿದಿದ್ದ ಹುಚ್ಚು. ವಿಜ್ಞಾನದ ಮೇಷ್ಟ್ರು ವೆಂಕಟಗಿರಿ ಹೇಗೋ ಒಪ್ಪಿಸಿ ಶಾಲೆಯ ಹೆಸರು ಕೊಟ್ಟಿದ್ದರು. ಹೆಡ್‌ಮಿಸ್ ಬಸವರಾಜೇಶ್ವರಿಯವರು ಒಂದೇ ಮಾತಿನ ಮೇಲೆ ಒಪ್ಪಿದ್ದರು: ಹೋಗುವ ಇಬ್ಬರಿಗೂ ಪ್ರಿಪರೇಟರಿಯಲ್ಲಿ ಪ್ರತಿ ವಿಷಯಕ್ಕೂ ಅರವತ್ತರ ಮೇಲೆ ಬರಬೇಕು. ಒಂದರಲ್ಲಿ ಕಡಿಮೆಯಾದರೂ ಇಲ್ಲ.

"ಎಳೇದೆಲ್ಲ ಕಿತ್ತಾಕ್ತಾ ಇದೀಯಲ್ಲೇ" ಎಂದಳು ಹನುಮವ್ವ, ಮೊಮ್ಮಗಳ ಮಡಿಲು ನೋಡಿ. "ಕೈ ಇಲ್ಲಿ, ಗ್ಯಾನ ಎಲ್ಲಿ?"

"ಎಡಕ್ಕೆ ತಿರುಗ್ತಾ ಇಲ್ಲ ಅಜ್ಜಿ."

"ಯಾವ್ದು?"

"ರೋಬೋಟು. ಬಲಕ್ಕೆ ಚೆನ್ನಾಗಿ ತಿರುಗುತ್ತೆ. ಎಡಗಡೆ ತಿರುವು ಬಂದ್ರೆ ಗೆರೆ ಬಿಟ್ಟು ನೆಟ್ಟಗೆ ಹೋಗ್ಬಿಡುತ್ತೆ."

"ಬಾಲ ಮುರಿ."

"ಅದಕ್ಕೆ ಬಾಲ ಇಲ್ಲ."

"ಬಾಲ ಇಲ್ದಿದ್ದನ್ನ ಹೂಡಕ್ಕೆ ಯಾಕೆ ಹೋದ್ರಿ" ಎಂದು ಹನುಮವ್ವ ಮುಂದಿನ ಸಾಲಿಗೆ ಸರಿದಳು. ಸ್ವಲ್ಪ ಹೊತ್ತು ಬಿಟ್ಟು ಗಿಡಗಳ ಆಚೆಯಿಂದ ಅವಳ ಮಾತು ಬಂತು. "ನೀನೊಬ್ಳೇ ಬಿಡಿಸಿದ್ರೆ ಇದು ಮುಂದಿನ ಭಾನುವಾರಕ್ಕೂ ಮುಗಿಯಲ್ಲ. ಆ ಗದ್ದಲದ ಹುಡುಗಿ ಇದಾಳಲ್ಲ, ನಿನ್ ಜೊತೆಯೋಳು. ಅವ್ಳನ್ನ ಮುಯ್ಯಾಳು ಕರೀಬಾರ್ದಾ?"

ಮುಯ್ಯಾಳು ಎನ್ನುವುದನ್ನು ಸತ್ಯ ಕೇಳಿದ್ದಳು, ಕಂಡಿರಲಿಲ್ಲ. ಅವಳಿಗೆ ಬುದ್ಧಿ ಬರುವ ಹೊತ್ತಿಗೆ ಊರಿನ ಹೊಲಗಳೆಲ್ಲ ಬಡಾವಣೆಯಾಗಿ, ಒಬ್ಬರ ಹೊಲಕ್ಕೆ ಇನ್ನೊಬ್ಬರು ಆಳಾಗಿ ಹೋಗುವ ಕಾರಣವೇ ಉಳಿದಿರಲಿಲ್ಲ. ಹನುಮವ್ವ ಕಾಯಿ ಬಿಡಿಸುತ್ತಲೇ ಹೇಳಿದಳು. ಇವತ್ತು ನೀನು ನನ್ನ ಹೊಲಕ್ಕೆ ಬಾ, ಇನ್ನೊಂದು ದಿನ ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಕೂಲಿಯಿಲ್ಲ. ಅವಳು ಜಾಸ್ತಿ ಗೇದಳು, ಇವಳು ಕಡಿಮೆ ಗೇದಳು ಎಂಬ ಲೆಕ್ಕವಿಲ್ಲ. ದಿನಕ್ಕೆ ದಿನ.

"ಒಂದೇ ಒಂದು ಮಾತು ಕಣೇ" ಎಂದಳು. "ಮುಯ್ಯಿ ತೀರ್ಸೋ ದಿನ ನೀನು ಹೇಳಂಗಿಲ್ಲ. ಅವ್ರು ಕರ್ದ ದಿನ ಹೋಗ್ಬೇಕು. ನಿನ್ ಮನೇಲಿ ಮಳೆ ಸೋರ್ತಾ ಇರ್ಲಿ, ನೆಂಟ್ರು ಬಂದು ಕೂತಿರ್ಲಿ, ಹೋಗ್ಬೇಕು."

ಗದ್ದಲದ ಹುಡುಗಿಯೆಂದರೆ ನೀಲಾಂಬಿಕಾ, ಸ್ಪರ್ಧೆಗೆ ಹೋಗಬೇಕಾದ ಇಬ್ಬರಲ್ಲಿ ಇನ್ನೊಬ್ಬಳು. ಬಾಗಲಕೋಟೆ ಕಡೆಯವಳು. ಅವಳಪ್ಪ ವಿಠ್ಠಲ ಹೊಸ ಮನೆಗಳಿಗೆ ಟೈಲ್ಸ್ ಹಾಕುವ ಕೆಲಸದವನು. ನಾಗರಭಾವಿಯ ವಠಾರವೊಂದರ ಒಂದೇ ಕೋಣೆಯಲ್ಲಿ ಸಂಸಾರ. ಬೆಂಗಳೂರಿಗೆ ಬಂದು ನಾಲ್ಕು ವರ್ಷವಾದರೂ ಅವಳ ಮಾತು ಊರು ಬಿಟ್ಟಿರಲಿಲ್ಲ. ಸತ್ಯ ಹೋಗಿ ಕರೆದಾಗ ಅವಳು ತಲೆ ಬಾಚಿಕೊಳ್ಳುತ್ತಿದ್ದಳು.

"ಮುಯ್ಯಾಳಾ? ನಮ್ಮೂರಾಗೂ ಹಂಗs ಅಂತಾರ" ಎಂದಳು. "ಆದ್ರ ಬೆಂಗಳೂರಾಗ ನನ್ನ ಹೊಲಕ್ಕ ಕರದಾಕಿ ನೀನs ಮೊದಲ ನೋಡವಾ. ನಡಿ."

ಅವಳ ಕೈ ಗಿಡದ ಮೇಲೆ ಆಡುವುದನ್ನು ನೋಡಿ ಹನುಮವ್ವನಿಗೆ ತುಂಬ ಸಂತೋಷವಾಯಿತು. ಮಾತು ಎಷ್ಟಿತ್ತೋ ಕೆಲಸವೂ ಅಷ್ಟಿತ್ತು. ಹೊತ್ತು ಮುಳುಗುವ ಮೊದಲು ಕೊನೆಯ ಸಾಲೂ ಬರಿದಾಯಿತು. ಹನುಮವ್ವ ಒಂದು ಚೀಲ ಕಾಯಿ ತುಂಬಿ ಅವಳ ಕೈಗಿಡುತ್ತ, "ಕೂಲಿ ಅನ್ಕೋಬೇಡವ್ವ, ಸಾರಿಗೆ. ನಿನ್ ದಿನ ಹಂಗೇ ಐತೆ" ಎಂದಳು.

ಆ ದಿನ ಹಾಗೇ ಉಳಿಯಿತು. ಮಿಕ್ಕ ಸಂಜೆಗಳಲ್ಲಿ ಹುಡುಗಿಯರು ಕೊಟ್ಟು ತೆಗೆದುಕೊಂಡದ್ದು ಅಲ್ಲಿಂದಲ್ಲಿಗೆ ಸರಿಹೋಗುತ್ತಿತ್ತು. ಸತ್ಯಳಿಗೆ ಸಮಾಜ ವಿಜ್ಞಾನವೆಂದರೆ ತಲೆಗೆ ಹತ್ತದು. ಯುದ್ಧ ಯಾರು ಗೆದ್ದರು ಎನ್ನುವುದು ನೆನಪಿದ್ದರೆ ಯಾರ ಮೇಲೆ ಗೆದ್ದರು ಎನ್ನುವುದು ಮರೆಯುತ್ತಿತ್ತು. ನೀಲಾಂಬಿಕಾ ಅದನ್ನೆಲ್ಲ ತಮ್ಮ ಓಣಿಯ ಜಗಳದಂತೆ ಹೇಳಿಕೊಡುತ್ತಿದ್ದಳು: "ಇಂವಾ ಇದ್ದಾನಲ್ಲ, ಇವಗ ಆಕಿ ಕೋಟೆ ಮ್ಯಾಲ ಕಣ್ಣು." ಅದಕ್ಕೆ ಪ್ರತಿಯಾಗಿ ಸತ್ಯ ಅವಳಿಗೆ ಗಣಿತ ಹೇಳುತ್ತಿದ್ದಳು. ಇಷ್ಟರ ನಡುವೆ ಸಿಕ್ಕ ಹೊತ್ತಿನಲ್ಲಿ ಲ್ಯಾಬಿನಲ್ಲಿ ಕೂತು, ಕರೆಂಟು ಇದ್ದರೆ ಬೆಸುಗೆಯ ಐರನ್ ಕಾಯಿಸಿ, ಇಲ್ಲದಿದ್ದರೆ ಸುಮ್ಮನೆ ದಿಟ್ಟಿಸಿ, ಎಡಕ್ಕೆ ತಿರುಗದ ಆ ಹಲಗೆಯ ಜೊತೆ ಒದ್ದಾಡುತ್ತಿದ್ದರು.

ಪ್ರಿಪರೇಟರಿ ಮುಗಿಯಿತು. ಸ್ಪರ್ಧೆಯ ವಾರದ ಮಂಗಳವಾರ ಅಂಕ ಬಂತು. ಸತ್ಯಳಿಗೆ ಸಮಾಜದಲ್ಲಿ ಅರವತ್ತಮೂರು. ಅವಳು ಆ ಕಾಗದವನ್ನು ಎರಡು ಸಲ ತಿರುಗಿಸಿ ತನ್ನ ಹೆಸರೇ ಹೌದೋ ಎಂದು ನೋಡಿಕೊಂಡಳು. ನೀಲಾಂಬಿಕಾಗೆ ಗಣಿತದಲ್ಲಿ ಐವತ್ತನಾಲ್ಕು.

ವೆಂಕಟಗಿರಿ ಮೇಷ್ಟ್ರು ಇಬ್ಬರನ್ನೂ ಲ್ಯಾಬಿಗೆ ಕರೆದರು. ಒಳ್ಳೆಯ ಮನುಷ್ಯ, ಕೆಟ್ಟ ಸುದ್ದಿ ಹೇಳಬೇಕಾದಾಗ ಕನ್ನಡಕ ಒರೆಸುವ ಅಭ್ಯಾಸ. ಆವತ್ತು ಬಹಳ ಹೊತ್ತು ಒರೆಸಿದರು.

"ಹೆಡ್‌ಮಿಸ್ ಹತ್ರ ಮಾತಾಡ್ದೆ. ಆಗಲ್ಲ ಅಂದ್ರು" ಎಂದರು. "ಸತ್ಯ, ಬಿ ಸೆಕ್ಷನ್ ಅರುಣನಿಗೆ ಎಲ್ಲದ್ರಲ್ಲೂ ಬಂದಿದೆ. ಸರ್ಕ್ಯೂಟೂ ಗೊತ್ತು ಅವನಿಗೆ. ಗುರುವಾರ ಹೆಂಗೂ ಟೀಚರ್ಸ್ ಟ್ರೈನಿಂಗ್ ಅಂತ ಸ್ಕೂಲಿಗೆ ರಜ. ಲ್ಯಾಬಿನ ಕೀ ಕೊಟ್ಟಿರ್ತೀನಿ. ಇಬ್ರೂ ದಿನಪೂರ್ತಿ ಕೂತ್ರೆ ಆ ಎಡಗಡೆ ತಿರುವು ಸರಿಹೋಗುತ್ತೆ. ಶನಿವಾರ ಹೋಗ್ಬನ್ನಿ. ನೀಲಾ, ಬೇಜಾರು ಮಾಡ್ಕೋಬೇಡಮ್ಮ."

"ಇಲ್ರಿ ಸರ್" ಎಂದಳು ನೀಲಾಂಬಿಕಾ.

ಅರುಣನ ಹೆಸರು ಕೇಳಿದಾಗ ಸತ್ಯಳ ಮನಸ್ಸು ಮೊದಲು ಹೋದದ್ದು ಅವನ ಮನೆಯಲ್ಲಿರುವ ಒಳ್ಳೆಯ ಐರನ್ ಕಡೆಗೆ. ನೀಲಾಂಬಿಕಾಳ ಮುಖದ ಕಡೆಗೆ ಅಲ್ಲ. ಅದು ಅವಳಿಗೇ ಗೊತ್ತಾಗಿ ನಾಚಿಕೆಯಾಯಿತು. ಆದರೂ ಐರನ್ನಿನ ಯೋಚನೆ ಪೂರ್ತಿ ಹೋಗಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಇಬ್ಬರೂ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದರು.

"ಅರುಣನ ಜೋಡಿ ಹೋಗು" ಎಂದಳು ನೀಲಾಂಬಿಕಾ. "ನಾ ಸಿಟ್ಟಾಗಾಂಗಿಲ್ಲ. ಅಂವಾ ಮಾತs ಆಡಾಂಗಿಲ್ಲ, ನಿನಗ ಸ್ವಲ್ಪ ಬ್ಯಾಸರ ಆಗ್ತೈತಿ, ಅಷ್ಟ."

"ನೋಡ್ತೀನಿ ಕಣೇ."

"ಆದ್ರ ನನ್ನ ದಿನ ಒಂದ್ ಐತಿ ನಿನ್ನ ಕಡೆ. ಗುರುವಾರ ನಮ್ಮನಿಗೆ ಬಾ. ಪೂರ್ತಿ ದಿನ. ಗಣಿತ ಹೇಳ್ಕೊಡು."

ಸತ್ಯ ಒಂದು ಕಾಲಿಗೆ ಚಪ್ಪಲಿ ಹಾಕಿದ್ದವಳು ಹಾಗೇ ನಿಂತಳು. "ಗುರುವಾರನೇ? ಭಾನುವಾರ ಬರ್ಲಾ? ಸ್ಪರ್ಧೆ ಮುಗಿದಿರುತ್ತೆ."

"ಭಾನುವಾರ ಅಪ್ಪ ಮನ್ಯಾಗ ಇರ್ತಾನ, ಮಂದಿ ಬರ್ತಾರ. ಇರೂದ ಒಂದ್ ಖೋಲಿ. ಗುರುವಾರ ಅಷ್ಟ ಖಾಲಿ." ನೀಲಾಂಬಿಕಾಳ ದನಿ ಮೆತ್ತಗಾಯಿತು. "ಸ್ಪರ್ಧೆ ಹೋತು ಬಿಡು. ಆದ್ರ ಮಾರ್ಚಿನ್ಯಾಗ ಗಣಿತ ಹೋದ್ರ ಅಪ್ಪ ನನ್ನ ಊರಿಗೆ ಕಳಸ್ತಾನ. ಚಿಗವ್ವನ ಮನ್ಯಾಗ ಇದ್ದು ರೊಟ್ಟಿ ಬಡೀಬೇಕಾಗ್ತೈತಿ. ನನಗ ಖರೇನs ಹೆದರಿಕಿ ಆಗೇತಿ ಸತ್ಯ."

ಅವಳು ಹೆದರಿಕೆ ಎಂದದ್ದನ್ನು ಸತ್ಯ ಅದುವರೆಗೆ ಕೇಳಿರಲಿಲ್ಲ. ಲ್ಯಾಬಿನ ಕೀ, ಅರುಣ, ಎಡಗಡೆಯ ತಿರುವು ಎಲ್ಲ ಒಂದು ಕಡೆ. ಕರೆದ ದಿನ ಹೋಗಬೇಕು ಎನ್ನುವ ಅಜ್ಜಿಯ ಮಾತು ಒಂದು ಕಡೆ. ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು. ಎರಡೂ ಸೇರಿದಾಗ ಅವಳ ದನಿ ತಾನಾಗಿ ಏರುತ್ತಿತ್ತು.

"ಆಯ್ತು ಕಣೇ" ಎಂದಳು ಜೋರಾಗಿ. "ಗುರುವಾರ ನಿಮ್ಮನೆಗೇ ಬರ್ತೀನಿ. ನಿನ್ ಮುಯ್ಯಿ ತೀರಿಸ್ದೇ ಬಿಡಲ್ಲ. ಐರನ್ನೂ ತರ್ತೀನಿ, ಕಾಯಿಸ್ಕೊಂಡೇ ಕೂತಿರ್ತೀನಿ. ನಿಮ್ಮಪ್ಪ ಇರಲ್ಲ ತಾನೇ?"

"ಇರಾಂಗಿಲ್ಲ" ಎಂದಳು ನೀಲಾಂಬಿಕಾ.

ಹಿಂದೆ ಕಂಬದ ಪಕ್ಕ ಹೆಡ್‌ಮಿಸ್ ಬಸವರಾಜೇಶ್ವರಿಯವರು ನಿಂತಿದ್ದರು.

ಅವರು ರೈಲ್ವೆ ಅಧಿಕಾರಿಯ ಮಗಳು. ಊರಿಂದೂರಿಗೆ ಕ್ವಾರ್ಟರ್ಸುಗಳಲ್ಲೇ ಬೆಳೆದವರು, ಹೊಲ ನೋಡಿದ್ದೆಲ್ಲ ರೈಲಿನ ಕಿಟಕಿಯಿಂದ. ಮುಯ್ಯಿ ಎನ್ನುವ ಮಾತನ್ನು ಅವರು ಪುಸ್ತಕದಲ್ಲಿ ಓದಿದ್ದರು. ಅಲ್ಲಿ ಮುಯ್ಯಿ ತೀರಿಸಿಕೊಳ್ಳುವುದೆಂದರೆ ಅಪ್ಪನನ್ನು ಕೊಂದವನನ್ನು ಮಗ ಹನ್ನೆರಡು ವರ್ಷ ಹುಡುಕಿಕೊಂಡು ಹೋಗುವುದು. ಒಬ್ಬಳಿಗೆ ಅಂಕ ಕಡಿಮೆಯಾಗಿ ಇನ್ನೊಬ್ಬಳ ಸ್ಪರ್ಧೆಗೆ ಅಡ್ಡ ಬಂದಿದೆ. ಆ ಇನ್ನೊಬ್ಬಳು ಕಾದ ಕಬ್ಬಿಣ ಹಿಡಿದುಕೊಂಡು, ಅಪ್ಪ ಇಲ್ಲದ ಹೊತ್ತು ನೋಡಿ ಮನೆಗೆ ಬರುತ್ತೇನೆ ಎನ್ನುತ್ತಿದ್ದಾಳೆ.

"ಸತ್ಯವತಿ" ಎಂದರು. "ನಾಳೆ ನಿಮ್ಮ ಮನೆಯಿಂದ ದೊಡ್ಡವರು ಯಾರಾದ್ರೂ ಬರ್ಬೇಕು. ಬರೋವರೆಗೂ ನೀನು ಕ್ಲಾಸಿಗೆ ಹೋಗೋ ಹಾಗಿಲ್ಲ."

ಯಾಕೆಂದು ಕೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ತಾವು ಐರನ್ ಹಾಕಿ ಲ್ಯಾಬಿನ ಪ್ಲಗ್ ಸುಟ್ಟದ್ದು ಗೊತ್ತಾಗಿರಬೇಕು ಎಂದುಕೊಂಡರು.

ಬುಧವಾರ ಕಾಂತರಾಜು ಲೋಡು ಬರುವುದಿದೆಯೆಂದು ತನ್ನ ಸಿಮೆಂಟಿನ ಅಂಗಡಿ ಬಿಟ್ಟು ಅಲ್ಲಾಡಲಿಲ್ಲ. ಹನುಮವ್ವ ಹೊರಟಳು. ಯಾರ ಮನೆಗೆ ಹೋಗುವುದಾದರೂ ಬರಿಗೈಯಲ್ಲಿ ಹೋಗಿ ಗೊತ್ತಿಲ್ಲದವಳು. ಹಿತುಕಿದ ಅವರೆಬೇಳೆ ಒಂದು ಡಬ್ಬಿಗೆ ಹಾಕಿಕೊಂಡು ಬಂದು ಹೆಡ್‌ಮಿಸ್ ಮೇಜಿನ ಮೇಲೆ ಇಟ್ಟೇ ಕೂತಳು.

"ಏನ್ ತೆಪ್ಪು ಮಾಡ್ತು ಮಗು?"

ಬಸವರಾಜೇಶ್ವರಿಯವರು ಡಬ್ಬಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿದರು. "ನೋಡಿಯಮ್ಮ, ಹೇಳೋಕೂ ಕಷ್ಟ. ನಿಮ್ಮ ಮೊಮ್ಮಗಳು ಈ ಹುಡುಗಿಗೆ ಬೆದರಿಕೆ ಹಾಕಿದ್ದಾಳೆ. ನನ್ನ ಕಿವಿಯಾರೆ ಕೇಳಿದೀನಿ."

"ಯಾರಿಗೆ, ಈ ನೀಲಾಗಾ?" ಹನುಮವ್ವ ಬಾಗಿಲ ಬಳಿ ನಿಂತಿದ್ದ ಹುಡುಗಿಯರನ್ನು ನೋಡಿದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಏನಂತ ಬೆದ್ರಿಸಿದ್ಳು?"

"ಮುಯ್ಯಿ ತೀರಿಸ್ದೇ ಬಿಡಲ್ಲ ಅಂತ."

"ಹೂಂ ಮತ್ತೆ, ತೀರಿಸ್ಬೇಕಲ್ಲ" ಎಂದಳು ಹನುಮವ್ವ.

ಹೆಡ್‌ಮಿಸ್ ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. "ನೀವೇ ಹೀಗಂದ್ರೆ ಹೇಗಮ್ಮ?"

"ತೀರಿಸ್ದೇ ಇದ್ರೆ ಮರ್ಯಾದೆ ಏನಾಯ್ತದೆ? ನಾಳೆ ದಿನ ಇವಳ್ನ ಯಾರು ಸೇರಿಸ್ತಾರೆ? ನಾನೇ ಹೇಳಿದೀನಿ ಅವ್ಳಿಗೆ, ಕರ್ದ ದಿನ ಹೋಗ್ಬೇಕು ಅಂತ."

"ಕಾದ ಕಬ್ಬಿಣ ತಗೊಂಡಾ?"

ಹನುಮವ್ವ ಮೊಮ್ಮಗಳ ಕಡೆ ತಿರುಗಿದಳು. ಬಾಗಿಲಲ್ಲಿ ನೀಲಾಂಬಿಕಾ ಬಾಯಿಗೆ ದುಪಟ್ಟಾ ಅಡ್ಡ ಹಿಡಿದಿದ್ದಳು, ಆದರೂ ಅವಳ ಭುಜ ಕುಣಿಯುತ್ತಿತ್ತು. "ಮಿಸ್ಸರ, ಅದು ಬೆಸುಗಿ ಹಾಕೂ ಐರನ್ನರಿ" ಎಂದಳು. "ನಾ ಗಣಿತ ಬಿಡಸೂ ಹೊತ್ನ್ಯಾಗ ಆಕಿ ರೋಬೋಟಿನ ವೈರ್ ಬೆಸಿಯಾಕಿ ಅದಾಳ್ರಿ. ನಾ ಅವ್ರ ಹೊಲದಾಗ ಒಂದಿನ ಕಾಯಿ ಬಿಡಿಸೇನ್ರಿ. ಅದಕ್ಕ ಆಕಿ ನಾಳೆ ನಮ್ಮನಿಗೆ ಬಂದು ಒಂದಿನ ಗಣಿತ ಕಲಸ್ತಾಳ. ಮುಯ್ಯಾಳ್ರಿ ಅದು."

ಬಸವರಾಜೇಶ್ವರಿಯವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆದ ಮೇಲೆ ಅವರು ಮುಖ ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ನಗು ಮುಗಿದ ಮೇಲೇ ಈ ಕಡೆ ತಿರುಗಿದ್ದು.

"ರಾತ್ರಿಯೆಲ್ಲ ನಿದ್ದೆ ಇಲ್ಲ ನನಗೆ" ಎಂದರು. "ಪೊಲೀಸ್ ಸ್ಟೇಷನ್‌ಗೆ ಹೇಳ್ಬೇಕೋ ಬೇಡ್ವೋ ಅಂತ ಯೋಚ್ನೆ ಮಾಡ್ತಾ ಇದ್ದೆ." ಆಮೇಲೆ ಸತ್ಯಳನ್ನು ನೋಡಿದರು. "ನಾಳೆ ನೀನು ಅರುಣನ ಜೊತೆ ಲ್ಯಾಬಲ್ಲಿ ಇರ್ತೀಯ ಅಂತ ವೆಂಕಟಗಿರಿ ಹೇಳಿದ್ರಲ್ಲ?"

"ಇಲ್ಲ ಮಿಸ್. ನೀಲಾ ನಾಳೆನೇ ಕರೆದ್ಳು."

"ರೋಬೋಟು?"

"ಎಡಕ್ಕೆ ತಿರುಗಲ್ಲ ಮಿಸ್."

"ತಿರುಗದೇ ಇದ್ರೆ?"

ಸತ್ಯ ಕಾಲಿನ ಹೆಬ್ಬೆರಳಿಂದ ನೆಲ ಒತ್ತಿದಳು. "ಗೆರೆ ಬಿಟ್ಟು ಹೋಗುತ್ತೆ."

ಹೆಡ್‌ಮಿಸ್ ಪೆನ್ನಿನ ಕ್ಯಾಪ್ ತೆಗೆದು ಹಾಕಿ, ತೆಗೆದು ಹಾಕಿ ಮಾಡಿದರು. ನಿಯಮ ಮಾಡಿದವರಿಗೆ ಅದನ್ನು ಮುರಿಯುವುದು ಕಷ್ಟ, ಮುರಿದ ಹಾಗೆ ಕಾಣದಂತೆ ಬಗ್ಗಿಸುವುದು ಇನ್ನೂ ಕಷ್ಟ. ಕೊನೆಗೆ ಹೇಳಿದರು: "ಗಣಿತದಲ್ಲಿ ಅರವತ್ತಕ್ಕಿಂತ ಕಡಿಮೆ ಬಂದವರಿಗೆಲ್ಲ ಶುಕ್ರವಾರ ಬೆಳಿಗ್ಗೆ ಇನ್ನೊಂದು ಪೇಪರ್ ಕೊಡ್ತೀನಿ. ಎಲ್ಲರಿಗೂ. ನೀಲಾಂಬಿಕಾಗೆ ಅಂತ ಅಲ್ಲ. ಅದರಲ್ಲಿ ಬಂದ ಅಂಕನೇ ಲೆಕ್ಕ. ಬಂದ್ರೆ ಇಬ್ರೂ ಹೋಗಿ, ಬರ್ಲಿಲ್ಲ ಅಂದ್ರೆ ಅರುಣ. ಗೊತ್ತಾಯ್ತಾ?"

"ಅದೇನೋ ಅರುವತ್ತು ಅಂತೀರ, ಮೊದ್ಲು ಬಿತ್ತಿದ್ದು ಹುಟ್ಲಿಲ್ಲ ಅಂತ ಇನ್ನೊಂದ್ಸಲ ಹದ ಮಾಡಿ ಬಿತ್ತಂಗಾಯ್ತು ಬಿಡಿ" ಎಂದು ಹನುಮವ್ವ ಎದ್ದಳು. "ಬೇಳೆಗೆ ತೆಂಗಿನ್ಕಾಯಿ ಜಾಸ್ತಿ ಹಾಕ್ಬೇಡಿ ಟೀಚರಮ್ಮ, ಸೊಗಡು ಹೊರ್ಟೋಯ್ತದೆ."

ಗುರುವಾರ ಸತ್ಯ ಬಿಸಿಲೇರುವ ಮೊದಲೇ ವಠಾರದಲ್ಲಿದ್ದಳು. ಐರನ್ ತಂದಿದ್ದಳು, ಕರೆಂಟು ಬೆಳಿಗ್ಗೆಯೇ ಹೋಯಿತು. ರೋಬೋಟನ್ನು ಅಟ್ಟದ ಮೇಲಿಟ್ಟು ಅದಕ್ಕೆ ಬೆನ್ನು ಹಾಕಿ ಕೂತಳು. ನೀಲಾಂಬಿಕಾಳ ತೊಂದರೆ ದಡ್ಡತನದ್ದಲ್ಲ, ಆತುರದ್ದು. ನಾಲ್ಕು ಮೆಟ್ಟಿಲಿನ ಲೆಕ್ಕವನ್ನು ಎರಡೇ ನೆಗೆತಕ್ಕೆ ಹಾರಿ, ಮೂರನೆಯದರಲ್ಲಿ ಕಾಲು ಜಾರಿಸಿಕೊಳ್ಳುತ್ತಿದ್ದಳು.

"ಮೂರು ಜನ ಇದಾರೆ, ಎರಡು ಕುರ್ಚಿ ಇದೆ" ಎಂದಳು ಸತ್ಯ. "ಎಷ್ಟು ರೀತೀಲಿ ಕೂರಿಸ್ಬಹುದು?"

"ಅಜ್ಜ ಕೂಡ್ತಾನ, ಅಜ್ಜಿ ಕೂಡ್ತಾಳ. ಮೂರನೇದಾಕಿ ಚಾ ಮಾಡ್ತಾಳ. ಒಂದs ರೀತಿ."

"ಪರೀಕ್ಷೇಲಿ ಹಾಗೆ ಬರೀಬೇಡ."

"ಬರದ್ರ ತಪ್ಪೇನ? ನಮ್ಮನ್ಯಾಗ ಹಂಗs ನಡ್ಯೂದು."

"ಮೊದಲನೇ ಕುರ್ಚಿಗೆ ಎಷ್ಟು ಜನ ಬರ್ಬಹುದು, ಅದನ್ನ ಬರಿ. ಬಿಟ್ಟು ಹಾರಬೇಡ. ಬರಿ ಮೊದ್ಲು."

ಹೀಗೆ ಮಧ್ಯಾಹ್ನದವರೆಗೂ ಕುರ್ಚಿ, ಆಮೇಲೆ ತ್ರಿಭುಜ. ನಡುವೆ ರೊಟ್ಟಿ, ಶೇಂಗಾ ಚಟ್ನಿ, ಮತ್ತೆ ತ್ರಿಭುಜ. ಮೂರು ಗಂಟೆಯ ಸುಮಾರಿಗೆ ಕರೆಂಟು ಬಂದು ಫ್ಯಾನು ತಿರುಗತೊಡಗಿತು. ಸತ್ಯಳ ಕಣ್ಣು ಒಮ್ಮೆ ಅಟ್ಟಕ್ಕೆ ಹೋಯಿತು. ಅದನ್ನು ನೋಡಿದ ನೀಲಾಂಬಿಕಾ ಪೆನ್ಸಿಲ್ ಕಚ್ಚಿದಳು. ಅವಳು ಬಿಡಿಸುತ್ತಿದ್ದ ಲೆಕ್ಕದಲ್ಲಿ ಎರಡನೇ ಸಾಲು ತಪ್ಪಾಗಿತ್ತು. ಸತ್ಯ ಅಟ್ಟದಿಂದ ಕಣ್ಣು ಕಿತ್ತು, ಆ ಸಾಲಿನ ಮೇಲೆ ಬೆರಳಿಟ್ಟು, "ಇಲ್ಲಿಂದ ಇನ್ನೊಂದ್ಸಲ" ಎಂದಳು.

ದೀಪ ಹಚ್ಚುವ ಹೊತ್ತಾಯಿತು. ಮುಯ್ಯಾಳಿನ ದಿನ ಅಲ್ಲಿಗೆ ಮುಗಿಯಬೇಕು. ನೀಲಾಂಬಿಕಾಗೆ ಪ್ರಮೇಯ ಆಗಷ್ಟೇ ಕೈಗೆ ಹತ್ತುತ್ತಿತ್ತು. ಈಗ ಎದ್ದರೆ ಬಿಟ್ಟುಹೋಗುತ್ತದೆ ಎಂದು ಸತ್ಯ ಕೂತೇ ಇದ್ದಳು. ವಿಠ್ಠಲ ಕೆಲಸದಿಂದ ಬಂದು, ಸಿಮೆಂಟು ಮೆತ್ತಿದ ಕೈ ತೊಳೆದು, ಹುಡುಗಿಯರ ಪುಸ್ತಕ ದಾಟಿ ಹೋಗಿ ಮೂಲೆಯಲ್ಲಿ ಉಂಡ. ಕಡೆಗೆ ಕಾಂತರಾಜು ಸ್ಕೂಟರಿನಲ್ಲಿ ಬಂದು ಹಾರ್ನ್ ಮಾಡಿದಾಗಲೇ ಅವಳು ಎದ್ದದ್ದು.

ಶುಕ್ರವಾರ ನೀಲಾಂಬಿಕಾಗೆ ಅರವತ್ತೆಂಟು ಬಂತು. ಹೆಡ್‌ಮಿಸ್ ಕಾಗದ ಕೊಡುತ್ತ, "ಇದ್ಯಾರೋ ಕುರ್ಚಿ ಲೆಕ್ಕದ ಪಕ್ಕ ಚಿಕ್ಕದಾಗಿ ಚಾ ಅಂತ ಬರೆದು ಹೊಡೆದು ಹಾಕಿದಾರೆ" ಎಂದರು.

ಶನಿವಾರ ಆ ಕಾಲೇಜಿನ ಸಭಾಂಗಣದಲ್ಲಿ ದೊಡ್ಡ ದೊಡ್ಡ ಶಾಲೆಗಳ ಮಕ್ಕಳು ಟೈ ಕಟ್ಟಿ, ತಮ್ಮ ತಮ್ಮ ರೋಬೋಟುಗಳಿಗೆ ಸ್ಟಿಕರ್ ಅಂಟಿಸಿ ತಂದಿದ್ದರು. ಬಿಳಿ ಹಾಸಿನ ಮೇಲೆ ಕಪ್ಪು ಗೆರೆ ಹಾವಿನಂತೆ ಬಿದ್ದಿತ್ತು. ಸತ್ಯ ಮೊದಲು ಎಣಿಸಿದ್ದು ಎಡಗಡೆಯ ತಿರುವುಗಳನ್ನು. ಬೆಳಗಿನಿಂದ ಸೆನ್ಸರಿನ ತಿರುಪು ಅಷ್ಟಷ್ಟೇ ತಿರುಗಿಸಿ ನೋಡಿದ್ದಾಯಿತು, ಅದು ಹಟ ಬಿಟ್ಟಿರಲಿಲ್ಲ.

ಗೆರೆ ತಪ್ಪಿದರೆ ಎತ್ತಿ ಗೆರೆಯ ಮೇಲಿಡಬಹುದು. ಒಂದು ಸಲ ಮುಟ್ಟಿದರೆ ಹತ್ತು ಸೆಕೆಂಡು ದಂಡ. ನೀಲಾಂಬಿಕಾ ಚೂಡಿದಾರದ ವೇಲು ಸೊಂಟಕ್ಕೆ ಬಿಗಿದು, ಓಡುವ ರೋಬೋಟಿನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಸರಿಯುತ್ತ ಹೊರಟಳು. ಬಲಗಡೆಯ ತಿರುವು ಬಂದಾಗ ಅದು ಚಂದವಾಗಿ ಹೊರಳಿತು, ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಎಡ ಬಂದಾಗ ಎದುರು ಕೂತ ಜಡ್ಜುಗಳ ಮೇಜಿಗೇ ನೇರ ಹೊರಟಿತು. "ಅಲ್ಲಲ್ಲs, ಈ ಕಡೆ ಬಾರವ್ವಾ" ಎಂದು ನೀಲಾಂಬಿಕಾ ಅದನ್ನು ಎತ್ತಿ ಗೆರೆಗೆ ತಂದಳು. ಮತ್ತೆ ಹೊರಟಿತು, ಮತ್ತೆ ತಂದಳು. ಜಡ್ಜೊಬ್ಬರು ಮೂಗರಳಿಸಿ, "ಏನಿದು, ಸೆಂಟಿನ ವಾಸನೆ?" ಎಂದು ಪಕ್ಕದವರನ್ನು ಕೇಳಿದರು. ರೋಬೋಟು ಕೊನೆ ಮುಟ್ಟಿತು. ದಂಡ ಕೂಡಿದ ಮೇಲೆ ಮೊದಲ ಸುತ್ತಿನಲ್ಲೇ ಅವರು ಹೊರಗೆ.

ವೆಂಕಟಗಿರಿ ಮೇಷ್ಟ್ರು ಇಬ್ಬರಿಗೂ ಕ್ಯಾಂಟೀನಿನಲ್ಲಿ ಮಸಾಲೆದೋಸೆ ಕೊಡಿಸಿ ಬಸ್ ಹತ್ತಿಸಿದರು. ಬಸ್ಸು ಮೈಸೂರು ರಸ್ತೆ ಬಿಟ್ಟು ನಾಗರಭಾವಿ ಕಡೆ ಹೊರಳಿದಾಗ ಸತ್ಯ ಮಡಿಲಲ್ಲಿದ್ದ ರೋಬೋಟಿನ ಚಕ್ರವನ್ನು ಬೆರಳಿಂದ ತಿರುಗಿಸುತ್ತಿದ್ದಳು. ಗುರುವಾರ ಲ್ಯಾಬಿನಲ್ಲಿದ್ದಿದ್ದರೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಬ್ಯಾಸರ ಆತೇನ?" ಎಂದಳು ನೀಲಾಂಬಿಕಾ.

"ಸ್ವಲ್ಪ."

"ಗುರುವಾರ ನೀ ದೀಪ ಹಚ್ಚಿದ ಮ್ಯಾಲೂ ಇದ್ದಿ. ನಾ ಕಾಯಿ ಬಿಡ್ಸಾಕ ಬಂದಾಗ ಹೊತ್ತು ಮುಳುಗೂದ್ರಾಗ ಮನಿಗೆ ಹೋಗಿದ್ದೆ. ಅಂದ್ರ ನಾ ನಿನಗ ಅರ್ಧ ದಿನ ಕೊಡಬೇಕು."

"ಮುಯ್ಯೀಲಿ ಅರ್ಧ ದಿನ ಅಂತ ಇಲ್ಲ ಕಣೇ."

"ನಮ್ಮ ಕಡೆ ಐತಿ. ಬೇಕಂದ್ರ ಕರಿ, ಬ್ಯಾಡಂದ್ರ ಬಿಡು."

ಸತ್ಯ ಚಕ್ರ ತಿರುಗಿಸುವುದನ್ನು ನಿಲ್ಲಿಸಿದಳು. "ನಾಳೆ ಬಾ."

"ಯಾಕ?"

"ಇದು ಎಡಕ್ಕೆ ತಿರುಗ್ಬೇಕು."

"ಸ್ಪರ್ಧೆ ಮುಗೀತಲ್ಲs."

"ಮುಗೀಲಿ. ತಿರುಗ್ಬೇಕು ಅಷ್ಟೇ."

ಭಾನುವಾರ ಹನುಮವ್ವನ ಮನೆಯ ನಡುಮನೆಯಲ್ಲಿ, ಯಾವುದೋ ಹಳೆಯ ಫ್ಲೆಕ್ಸಿನ ಬಿಳಿಯ ಹಿಂಬದಿ ಹಾಸಿ ಟೇಪು ಅಂಟಿಸಿದರು. ಕರೆಂಟಿತ್ತು. ನೀಲಾಂಬಿಕಾ ಹಲಗೆಯನ್ನು ಬೋರಲು ಹಿಡಿದು, ಎಡಗಣ್ಣಿನ ವೈರನ್ನು ಉಗುರಿನಿಂದ ಮೆಲ್ಲಗೆ ಮೀಟಿದಳು. ಬೆಸುಗೆ ಹಿಡಿದಂತೆ ಕಾಣುತ್ತಿದ್ದ ಜಾಗದಲ್ಲಿ ವೈರು ಅಲ್ಲಾಡಿತು. ಇಷ್ಟು ದಿನವೂ ತೊಂದರೆ ತಿರುಪಿನಲ್ಲಿ ಇರಲೇ ಇಲ್ಲ, ಈ ಒಣ ಬೆಸುಗೆಯಲ್ಲಿತ್ತು. ಸತ್ಯ ಐರನ್ ಒತ್ತಿದಳು, ಹೊಗೆಯೆದ್ದಿತು, ಬೆಸುಗೆ ಹೊಳೆದು ಕೂತಿತು. ನೆಲಕ್ಕೆ ಬಿಟ್ಟಾಗ ಅದು ಬಲಕ್ಕೆ ಹೊರಳಿತು, ನೇರ ಹೋಯಿತು, ಎಡಗಡೆಯ ತಿರುವಿನಲ್ಲಿ ಒಂದು ಗಳಿಗೆ ಅನುಮಾನಿಸಿದಂತೆ ನಿಂತು ಎಡಕ್ಕೆ ತಿರುಗಿತು.

ಅದು ಇನ್ನೊಂದು ಸುತ್ತು ಬಂತು.

ಹನುಮವ್ವ ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲಿ ನಿಂತಳು. "ತಿರುಗ್ತಲ್ಲ. ಇದಕ್ಕೇನು ಬಹುಮಾನ?"

"ಏನೂ ಇಲ್ಲ ಅಜ್ಜಿ."

"ಸರಿ, ಕೈ ತೊಳ್ಕೊಂಡು ಬನ್ನಿ" ಎಂದು ಅವಳು ಒಳಗೆ ಹೋದಳು.

ನೀಲಾಂಬಿಕಾ ಎದ್ದು ಲಂಗ ಕೊಡವಿಕೊಂಡಳು. "ಅರ್ಧ ದಿನ ಆತು. ಇನ್ನ ನಾ ನಿನಗೇನೂ ಕೊಡಾಂಗಿಲ್ಲ, ನೀ ನನಗೇನೂ ಕೊಡಾಂಗಿಲ್ಲ."

ಹೌದು ಎಂದಳು ಸತ್ಯ. ಹಾಗೆಂದ ಮೇಲೆ ಮನೆ ಖಾಲಿಯಾದ ಹಾಗೆ ಏನೋ ಒಂಥರಾ ಅನ್ನಿಸಿತು. ರೋಬೋಟಿನ ಸ್ವಿಚ್ಚು ಆರಿಸಿ, ಐರನ್ನಿನ ವೈರು ಸುತ್ತುತ್ತ, ಅವಳು ತಲೆಯೆತ್ತದೆ ಕೇಳಿದಳು: "ನಾಳೆ ಸಂಜೆ ಬರ್ತೀಯಾ?"

"ಇನ್ನೇನೈತಿ?"

"ಸಮಾಜ. ಆ ಎರಡನೇ ಮಹಾಯುದ್ಧ ಇನ್ನೂ ಹಾಗೇ ಇದೆ."

"ಅಂದ್ರ ಮದ್ಲ ನಾನs ಬರಬೇಕು?"

"ಹೂಂ. ಮೊದ್ಲು ನೀನು ಬಾ."